ಬೆಳಕು ಎಷ್ಟು, ದೂರ ಎಷ್ಟು? ಕ್ಯಾಮೆರಾ ಕೊಳ್ಳುವ ಮುಂಚಿನ ಲೆಕ್ಕ

ಹೋದ ದೀಪಾವಳಿಗೆ ಅಕ್ಕನ ಮಗ ಹುಬ್ಬಳ್ಳಿಗೆ ನಮ್ಮ ಮನೆಗೆ ಬಂದಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದ್ದಾನೆ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದೆ. ಚಹಾ ಮುಗಿಯುವ ಮೊದಲೇ ಮೊಬೈಲ್ ನನ್ನ ಮುಂದೆ ಹಿಡಿದ. ಮೂರು ಕ್ಯಾಮೆರಾ ಆರಿಸಿ ಇಟ್ಟಿದ್ದ.

"ಮಾಮಾ, ಇದರಾಗ ಯಾವುದು ತಗೊಳ್ಳಲಿ?"

"ಎದರ ಫೋಟೋ ತಗೀತೀಪಾ?"

"ವೈಲ್ಡ್‌ಲೈಫ್."

ಹಾಗಾದರೆ ಹೋದ ಒಂದು ವರ್ಷದಲ್ಲಿ ಮೊಬೈಲ್‌ನಲ್ಲಿ ತೆಗೆದಿದ್ದನ್ನೆಲ್ಲ ತೋರಿಸು ಅಂದೆ. ಬೆರಳು ಆಡಿಸುತ್ತಾ ಹೋದ. ಉಣಕಲ್ ಕೆರೆಯಲ್ಲಿ ಸೂರ್ಯ ಮುಳುಗುವುದು. ದುರ್ಗದ ಬೈಲಿನಲ್ಲಿ ರಾತ್ರಿ ಗೆಳೆಯರ ಜೊತೆ ಗಿರ್ಮಿಟ್. ಒಲೆ ಮುಂದೆ ರೊಟ್ಟಿ ಬಡಿಯುತ್ತಿರುವ ಅವನ ಅಜ್ಜಿ, ಅಂದರೆ ನಮ್ಮ ಅವ್ವ. ಲಕ್ಕುಂಡಿಯ ಗುಡಿಗಳು. ಮತ್ತೆ ಅವ್ವ. ಕೊನೆಗೆ ಬಂಕಾಪುರ ಕೋಟೆಯಲ್ಲಿ ತೆಗೆದ ಒಂದೇ ಒಂದು ನವಿಲು. ಅದು ಫೋಟೋದಲ್ಲಿ ಎಲ್ಲಿದೆ ಅಂತ ಅವನೇ ಬೆರಳಿಟ್ಟು ತೋರಿಸಬೇಕಾಯಿತು.

ಕ್ಯಾಮೆರಾ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ನಿಮ್ಮ ಕೆಟ್ಟ ಫೋಟೋಗಳನ್ನು ಮೊದಲು ನೋಡಿ. ಇವನದನ್ನೇ ತಗೊಳ್ಳಿ. ಗಿರ್ಮಿಟ್ ಫೋಟೋ ಅಲುಗಿದೆ, ಅವ್ವನ ಮುಖದ ಮೇಲೆ ರವೆ ಉದುರಿಸಿದ ಹಾಗೆ ಕಾಳು ಕಾಳು, ಗುಡಿಯ ಒಳಗೆ ಬರೀ ಕತ್ತಲು. ಇವೆಲ್ಲ ಬೆಳಕು ಸಾಲದೆ ಕೆಟ್ಟದ್ದು. ನವಿಲು ಮಾತ್ರ ದೂರಕ್ಕೆ ಕೆಟ್ಟದ್ದು. ಹವ್ಯಾಸಿಗಳ ಫೋಟೋ ಬಹುತೇಕ ಈ ಎರಡೇ ಕಾರಣಕ್ಕೆ ಹಾಳಾಗುತ್ತವೆ. ದುಡ್ಡು ಯಾವುದಕ್ಕೆ ಹಾಕಬೇಕು ಅನ್ನೋದೂ ಇಲ್ಲೇ ತೀರ್ಮಾನವಾಗುತ್ತದೆ, ಯಾಕೆಂದರೆ ಕಡಿಮೆ ಬೆಳಕಿಗೆ ಒಂದು ಥರದ ಲೆನ್ಸ್, ದೂರಕ್ಕೆ ಇನ್ನೊಂದು ಥರದ್ದು. ಎರಡೂ ಒಂದರಲ್ಲೇ ಬೇಕು ಅಂದರೆ 400 ಎಂಎಂ ಎಫ್/2.8 ಅಂತ ಒಂದು ಬರುತ್ತದೆ. ಮೂರು ಕೆಜಿ ಹತ್ತಿರ ತೂಕ, ಆ ದುಡ್ಡಿಗೆ ಕಾರೇ ಬರುತ್ತದೆ. ಅದನ್ನು ಬಿಡೋಣ.

ಬೆಳಕಿಂಡಿ

ನಮ್ಮ ಕಡೆ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇರುತ್ತದೆ. ಅಡುಗೆ ಮನೆಗೆ ಬೆಳಕು ಬರುವುದೇ ಅಲ್ಲಿಂದ. ಲೆನ್ಸಿನ ಒಳಗಿರುವ ಅಪರ್ಚರ್ ಅಂದರೆ ಅಂಥದ್ದೇ ಒಂದು ಕಿಂಡಿ, ಬೇಕಾದ ಹಾಗೆ ಅಗಲ ಮಾಡಬಹುದು, ಸಣ್ಣ ಮಾಡಬಹುದು. ಕಿಂಡಿಯ ಅಗಲ ಎರಡು ಪಟ್ಟಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ ಅನ್ನೋದು ನೆನಪಿರಲಿ. ಅಗಲ ಮಾತ್ರ ಅಲ್ಲ, ಉದ್ದವೂ ಬೆಳೆಯುತ್ತದಲ್ಲ.

ಲೆನ್ಸಿನ ಮೇಲೆ ಬರೆದಿರುವ ಎಫ್/1.8, ಎಫ್/5.6 ಅನ್ನೋ ಅಂಕಿ ಹೊಸಬರ ತಲೆ ತಿನ್ನುತ್ತದೆ. ಸಣ್ಣ ಅಂಕಿಗೆ ದೊಡ್ಡ ಕಿಂಡಿ ಹೇಗೆ? ಅದು ಭಾಗಾಕಾರ, ಅಷ್ಟೇ. ಒಂದು ರೊಟ್ಟಿಯನ್ನು ಇಬ್ಬರಿಗೆ ಹಂಚಿದರೆ ಪಾಲು ದೊಡ್ಡದೋ, ಎಂಟು ಜನಕ್ಕೆ ಹಂಚಿದರೋ? ಇಲ್ಲಿ ರೊಟ್ಟಿ ಅಂದರೆ ಲೆನ್ಸಿನ ಫೋಕಲ್ ಲೆಂತ್, ಲೆನ್ಸಿನ ಮೇಲೆ ಎಂಎಂ ಅಂತ ಬರೆದಿರುವ ಅಂಕಿ. ಅದು ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. 50 ಎಂಎಂ ಲೆನ್ಸಿನಲ್ಲಿ ಎಫ್/1.8 ಅಂದರೆ 50ನ್ನು 1.8ರಿಂದ ಭಾಗಿಸಿ. ಸುಮಾರು 28 ಮಿಲಿಮೀಟರ್ ಅಗಲದ ಕಿಂಡಿ. ಅದೇ 50ರಲ್ಲಿ ಎಫ್/5.6 ಇಟ್ಟರೆ ಕಿಂಡಿ 9 ಮಿಲಿಮೀಟರ್ ಹತ್ತಿರ. ಬೆಳಕಿನಲ್ಲಿ ಹೆಚ್ಚು ಕಡಿಮೆ ಹತ್ತು ಪಟ್ಟು ವ್ಯತ್ಯಾಸ.

ಈ ಹತ್ತು ಪಟ್ಟು ಏನು ಅನ್ನೋದು ಲಕ್ಕುಂಡಿಗೆ ಹೋದರೆ ಗೊತ್ತಾಗುತ್ತದೆ. ಗದಗಿನಿಂದ ಹತ್ತಿರದ ದಾರಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಒಳಗೆ ಕಾಲಿಟ್ಟರೆ ಹೊರಗಿನ ಬಿಸಿಲಿಗೆ ಹೊಂದಿದ್ದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಆಮೇಲೆ ನಿಧಾನಕ್ಕೆ ಕಂಬಗಳು ಕಾಣುತ್ತವೆ. ಕಡೆದು ನುಣುಪು ಮಾಡಿದ ಕಂಬದ ಒಂದು ಅಂಚಿನ ಮೇಲೆ ಬಾಗಿಲಿನ ಬೆಳಕು ಗೆರೆ ಎಳೆದ ಹಾಗೆ ಇಳಿದಿರುತ್ತದೆ. ಫೋಟೋ ಬೇಕಾದ್ದು ಆ ಗೆರೆಯದ್ದೇ. ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸನ್ನು 55ಕ್ಕೆ ತಿರುಗಿಸಿದರೆ ಅದರ ಕಿಂಡಿ ಎಫ್/5.6ಕ್ಕಿಂತ ಅಗಲ ಆಗುವುದಿಲ್ಲ. ಆಗ ಶಟರ್, ಅಂದರೆ ಬೆಳಕಿಗೆ ತೆರೆದು ಮುಚ್ಚುವ ಪರದೆ, 1/6 ಸೆಕೆಂಡ್ ತೆರೆದಿರಬೇಕು ಅಂತ ಕ್ಯಾಮೆರಾ ಕೇಳುತ್ತದೆ ಅಂತಿಟ್ಟುಕೊಳ್ಳಿ. ಅಷ್ಟು ಹೊತ್ತು ಕೈ ನಿಲ್ಲುವುದಿಲ್ಲ, ಗೆರೆ ಮಬ್ಬಾಗುತ್ತದೆ. 50 ಎಂಎಂ ಎಫ್/1.8 ಹಾಕಿದರೆ ಅದೇ ಬೆಳಕಿಗೆ 1/60 ಸಾಕು. ಮೊಣಕೈ ಪಕ್ಕೆಗೆ ಒತ್ತಿ ಹಿಡಿದರೆ ನಡೆಯುತ್ತದೆ. ಬಹಳಷ್ಟು ಕಂಪನಿಗಳಲ್ಲಿ ಅಗ್ಗದ ಸಾಲಿನಲ್ಲಿ ಸಿಗುವ ಲೆನ್ಸ್ ಇದು. ಎರಡನೇ ಲೆನ್ಸ್ ಯಾವುದು ಅಂತ ಯಾರು ಕೇಳಿದರೂ ನಾನು ಇದನ್ನೇ ಹೇಳುತ್ತೇನೆ.

ಇದಕ್ಕೊಂದು ಬೆಲೆಯೂ ಇದೆ. ಕಿಂಡಿ ಅಗಲವಾದಷ್ಟೂ ಚೊಕ್ಕವಾಗಿ ಕಾಣುವ ಆಳ ಕಡಿಮೆಯಾಗುತ್ತದೆ. ಮುಂದಿನ ಕಂಬ ಚೊಕ್ಕ, ಹಿಂದಿನ ಕಂಬ ಮಂಜು. ಮುಖದ ಫೋಟೋಗೆ ಇದು ಚೆಂದ, ಸಾಲು ಕಂಬಕ್ಕೆ ಅಲ್ಲ. ಎಲ್ಲ ಕಂಬ ಬೇಕಾದರೆ ಎಫ್/8ಕ್ಕೆ ಹೋಗಬೇಕು, ಬೆಳಕು ಮತ್ತೆ ಸಾಲುವುದಿಲ್ಲ. ಟ್ರೈಪಾಡ್ ಇಡೋಣ ಅಂದರೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಅನುಮತಿ ಬೇಕು. ಆಗ ಉಳಿಯುವ ದಾರಿ ಐಎಸ್‌ಒ ಏರಿಸುವುದು.

ಐಎಸ್‌ಒ ಏರಿಸಿದರೆ ಬೆಳಕು ಜಾಸ್ತಿ ಬರುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಬರುವುದಿಲ್ಲ. ಆಕಾಶವಾಣಿ ಧಾರವಾಡ ಸರಿಯಾಗಿ ಸಿಗದಿದ್ದಾಗ ವಾಲ್ಯೂಮ್ ಏರಿಸಿದರೆ ಹಾಡಿನ ಜೊತೆ ಗರಗರ ಸದ್ದೂ ಏರುತ್ತದಲ್ಲ, ಇದೂ ಹಾಗೆಯೇ. ಬಂದಷ್ಟೇ ಬೆಳಕನ್ನು ಕ್ಯಾಮೆರಾ ದೊಡ್ಡದು ಮಾಡಿ ತೋರಿಸುತ್ತದೆ, ಕಾಳೂ ದೊಡ್ಡದಾಗುತ್ತವೆ. ಆದರೂ ಹೆದರಬೇಡಿ. ಈಚಿನ ಹತ್ತು ವರ್ಷದ ಯಾವ ಕ್ಯಾಮೆರಾ ಆದರೂ 3200ರವರೆಗೆ ಮರ್ಯಾದೆಯಿಂದ ಕೆಲಸ ಮಾಡುತ್ತದೆ. ಕಾಳು ಇರುವ ಫೋಟೋ ಗೋಡೆಗೆ ಹಾಕಬಹುದು. ಅಲುಗಿದ ಫೋಟೋ ಹಾಕೋಕಾಗಲ್ಲ.

ಓಡುವ ಹೋರಿ

ವೇಗದ ಸಮಸ್ಯೆಯೂ ಕೊನೆಗೆ ಬೆಳಕಿನದ್ದೇ. ದೀಪಾವಳಿ ಆದ ಮೇಲೆ ಹಾವೇರಿ ಕಡೆ ಹೋರಿ ಬೆದರಿಸುವ ಸ್ಪರ್ಧೆ ಶುರುವಾಗುತ್ತದೆ. ಕೊರಳಿಗೆ ಒಣಕೊಬ್ಬರಿ ಹಾರ, ಕೊಂಬಿಗೆ ಬಲೂನು, ರಿಬ್ಬನ್. ಹೋರಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಓಡಿತು ಅಂತಿಟ್ಟುಕೊಂಡರೆ ಸೆಕೆಂಡಿಗೆ 10 ಮೀಟರ್. ಶಟರ್ 1/60 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಹೋರಿ ಒಂದು ಗೇಣಿನಷ್ಟು ಮುಂದೆ ಹೋಗಿರುತ್ತದೆ. ಬಲೂನೆಲ್ಲ ಬಣ್ಣದ ಗೀಟು. 1/1000 ಇಟ್ಟರೆ ಒಂದು ಸೆಂಟಿಮೀಟರ್ ಅಷ್ಟೇ, ಕೊಬ್ಬರಿ ಬಟ್ಟಲು ಒಂದೊಂದೂ ಎಣಿಸಬಹುದು.

ಒಳ್ಳೆಯ ಬಿಸಿಲಿದ್ದರೆ ಸಾಧಾರಣ ಲೆನ್ಸಿನ ಎಫ್/5.6, ಐಎಸ್‌ಒ 400ರಲ್ಲೇ 1/1000 ಆರಾಮಾಗಿ ಸಿಗುತ್ತದೆ. ಹಾಗಾಗಿ ಇದಕ್ಕೆ ದುಬಾರಿ ಸಾಮಾನು ಬೇಡ. ಲೆನ್ಸಿನ ಮೇಲೆ ಸ್ಟೆಬಿಲೈಸೇಶನ್ ಅಂತ ಬರೆದಿರುತ್ತದೆ. ಅದು ನಿಮ್ಮ ಕೈ ನಡುಕಕ್ಕೆ ಮದ್ದು, ಹೋರಿಯ ಓಟಕ್ಕೆ ಅಲ್ಲ. ಇನ್ನೊಂದು, ಅಖಾಡದ ಬೇಲಿ ದಾಟಬೇಡಿ. ವ್ಯೂಫೈಂಡರ್‌ನಲ್ಲಿ ಹೋರಿ ದೂರದಲ್ಲಿದೆ ಅಂತ ಅನಿಸುತ್ತಿರುತ್ತದೆ, ಕಣ್ಣು ತೆಗೆದರೆ ಮುಂದೆಯೇ ಇರುತ್ತದೆ.

ಬೇಕಂತಲೇ ನಿಧಾನ ಶಟರ್ ಇಟ್ಟು, ಓಡುವ ವಸ್ತುವಿನ ಜೊತೆ ಕ್ಯಾಮೆರಾ ತಿರುಗಿಸಿದರೆ ವಸ್ತು ಚೊಕ್ಕ, ಹಿನ್ನೆಲೆ ಎಲ್ಲ ಗೆರೆ. ಇದನ್ನು ಪ್ಯಾನಿಂಗ್ ಅನ್ನುತ್ತಾರೆ. ಕಲಿಯೋಕೆ ಹುಬ್ಬಳ್ಳಿ-ಧಾರವಾಡದವರಿಗೆ ಚಿಗರಿ ಬಸ್ ಇದ್ದೇ ಇದೆ. ತನ್ನದೇ ದಾರಿಯಲ್ಲಿ ನೇರವಾಗಿ ಬರುತ್ತದೆ, ಒಂದು ತಪ್ಪಿದರೆ ಸ್ವಲ್ಪ ಹೊತ್ತಿಗೆ ಇನ್ನೊಂದು. 1/30 ಇಟ್ಟು ಒಂದು ಸಂಜೆ ನಿಂತು ನೋಡಿ. ಐವತ್ತರಲ್ಲಿ ಎರಡು ಚೆನ್ನಾಗಿ ಬಂದರೆ ಗೆದ್ದಿರಿ.

ಮಾಗಡಿಯ ಹೆಬ್ಬಾತು

ಈಗ ದೂರ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯ ದಾಟಿ ಬರುವ ಹಕ್ಕಿಗಳು. 2024ರಲ್ಲಿ ಈ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಆಮೇಲೆ ಕ್ಯಾಮೆರಾ ಹಿಡಿದು ಹೋಗುವವರೂ ಜಾಸ್ತಿಯಾಗಿದ್ದಾರೆ, ಬಂದ ಮೇಲೆ ಬೇಜಾರಾಗುವವರೂ ಜಾಸ್ತಿ.

ಲೆಕ್ಕ ಹಾಕೋಣ. ಹಕ್ಕಿ 70 ಸೆಂಟಿಮೀಟರ್, ನೀವು ನಿಂತ ಜಾಗದಿಂದ 60 ಮೀಟರ್ ದೂರ. ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಬೀಳುವ ಹಕ್ಕಿಯ ಅಳತೆ ಬೇಕಾದರೆ ಫೋಕಲ್ ಲೆಂತ್‌ನ್ನು ಹಕ್ಕಿಯ ಅಳತೆಯಿಂದ ಗುಣಿಸಿ ದೂರದಿಂದ ಭಾಗಿಸಿದರೆ ಆಯಿತು. 55 ಎಂಎಂ ಲೆನ್ಸಿನಲ್ಲಿ 0.64 ಮಿಲಿಮೀಟರ್ ಬರುತ್ತದೆ. 300 ಎಂಎಂನಲ್ಲಿ 3.5 ಮಿಲಿಮೀಟರ್. ಎಪಿಎಸ್-ಸಿ ಅನ್ನೋ ಚಿಕ್ಕ ಅಳತೆಯ ಸೆನ್ಸರ್‌ನ ಎತ್ತರ ಸುಮಾರು 15.6 ಮಿಲಿಮೀಟರ್. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಆ ಎತ್ತರಕ್ಕೆ 4,000 ಪಿಕ್ಸೆಲ್. ಅಂದರೆ 55ರಲ್ಲಿ ಹಕ್ಕಿಗೆ ಸಿಕ್ಕಿದ್ದು 160 ಪಿಕ್ಸೆಲ್, 300ರಲ್ಲಿ 900. ಮೊದಲನೆಯದರಲ್ಲಿ ತಲೆಯ ಮೇಲಿನ ಪಟ್ಟೆ ಎರಡೋ ಮೂರೋ ಹೇಳೋಕಾಗಲ್ಲ. ಎರಡನೆಯದರಲ್ಲಿ ಪಟ್ಟೆ ಎಣಿಸಬಹುದು.

ಚಿಕ್ಕ ಸೆನ್ಸರ್ ಇದ್ದರೆ 300 ಎಂಎಂ 450 ಆಗುತ್ತದೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಸೆನ್ಸರ್ ಮೇಲೆ ಹಕ್ಕಿ 3.5 ಮಿಲಿಮೀಟರ್‌ನಷ್ಟೇ ಇರುತ್ತದೆ, ಸುತ್ತಲಿನ ನೀರು ಸ್ವಲ್ಪ ಕತ್ತರಿಸಿ ಹೋಗಿರುತ್ತದೆ ಅಷ್ಟೇ. ನೋಡೋಕೆ 450ರ ಹಾಗೆ ಕಾಣುತ್ತದೆ, ಸುಳ್ಳೇನಲ್ಲ. ಆದರೆ ಹಕ್ಕಿ ಬೆಳೆದಿಲ್ಲ.

ದೂರವನ್ನು ಅರ್ಧ ಮಾಡಿದರೆ ಲೆನ್ಸ್ ಎರಡು ಪಟ್ಟಾದ ಹಾಗೆ. ಹಾಗಂತ ಹಕ್ಕಿ ಹತ್ತಿರ ನುಗ್ಗಬೇಡಿ, ಒಂದು ಎದ್ದರೆ ಇಡೀ ಹಿಂಡು ಎದ್ದು ಹೋಗುತ್ತದೆ. ದಂಡೆಯಲ್ಲಿ ಒಂದು ಕಡೆ ಕುಳಿತು ಕಾಯುವುದು ಮೇಲು. ಬೆಳಗ್ಗೆ ಬೇಗ ಹೋಗಿ. ಬಿಸಿಲು ಏರಿದ ಮೇಲೆ ನೆಲದಿಂದ ಏಳುವ ಕಾವು ದೂರದ ಚಿತ್ರವನ್ನೆಲ್ಲ ನಡುಗಿಸುತ್ತದೆ, ಎಂಥ ಲೆನ್ಸ್ ಇದ್ದರೂ ಅದಕ್ಕೆ ಪರಿಹಾರವಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಬಯಲಲ್ಲೂ ಇದೇ ಕಥೆ.

ವರ್ಷಕ್ಕೆ ಎರಡು ಸಲ ಹಕ್ಕಿ ನೋಡೋಕೆ ಹೋಗುವವರು ಉದ್ದನೆಯ ಲೆನ್ಸ್ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಬಾಡಿಗೆಗೆ ಸಿಕ್ಕರೆ ತನ್ನಿ, ಇಲ್ಲವೇ ಗೆಳೆಯರ ಹತ್ತಿರ ಕೇಳಿ.

ಮೆಗಾಪಿಕ್ಸೆಲ್ ಬಗ್ಗೆ ಇಷ್ಟೇ. ಮೊಬೈಲ್‌ನ ಫುಲ್ ಎಚ್‌ಡಿ ಪರದೆಗೆ ಬೇಕಾದ್ದು 2 ಮೆಗಾಪಿಕ್ಸೆಲ್ ಚಿಲ್ಲರೆ. 24 ಮೆಗಾಪಿಕ್ಸೆಲ್ ಇದ್ದರೆ 20 ಇಂಚು ಅಗಲದ ಪ್ರಿಂಟ್ ಚೆನ್ನಾಗಿ ಬರುತ್ತದೆ. ಅದಕ್ಕಿಂತ ದೊಡ್ಡದು ಮನೆಯಲ್ಲಿ ಎಲ್ಲಿ ತೂಗು ಹಾಕುತ್ತೀರಿ?

ಹತ್ತಿ, ಎರೆಮಣ್ಣು, ಮೆಣಸಿನಕಾಯಿ

ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್‌ಗೆ ಒಂದು ಚಟ. ಕಣ್ಣಿಗೆ ಬಿದ್ದದ್ದೆಲ್ಲ ನಡುಬೂದು ಅಂದುಕೊಳ್ಳುತ್ತದೆ. ಬಿಡಿಸಿ ರಾಶಿ ಹಾಕಿದ ಹತ್ತಿಯನ್ನು ತೋರಿಸಿದರೆ, ಇದೇನು ಇಷ್ಟು ಬೆಳಕು ಅಂತ ಕಡಿಮೆ ಮಾಡುತ್ತದೆ. ಬೆಳ್ಳಗಿನ ಹತ್ತಿ ಮಾಸಿದ ಧೋತರದ ಹಾಗೆ ಬರುತ್ತದೆ. ಮಳೆ ಬಿದ್ದ ಎರೆ ಹೊಲ ತೋರಿಸಿದರೆ ಉಲ್ಟಾ, ಕಪ್ಪು ಮಣ್ಣನ್ನು ಬೂದಿ ಮಾಡುತ್ತದೆ. ಪ್ಲಸ್-ಮೈನಸ್ ಗುರುತಿನ ಗುಂಡಿ ಇರುವುದು ಇದಕ್ಕೇ. ಹತ್ತಿಗೆ ಪ್ಲಸ್ 1, ಎರೆಗೆ ಮೈನಸ್ 1. ಬಿಳಿಗೆ ಕೂಡಿಸು, ಕಪ್ಪಿಗೆ ಕಳೆ. ಕ್ಯಾಮೆರಾ ತಂದ ಮೊದಲ ದಿನವೇ ಈ ಗುಂಡಿ ಎಲ್ಲಿದೆ ಅಂತ ಹುಡುಕಿಕೊಳ್ಳಿ. ಎಷ್ಟೋ ಜನ ಕ್ಯಾಮೆರಾ ಸರಿ ಇಲ್ಲ ಅಂತ ಮಾರಿದ್ದು ಈ ಗುಂಡಿ ಮುಟ್ಟದೆಯೇ.

ಬ್ಯಾಡಗಿ ಮಾರುಕಟ್ಟೆಯ ತೊಂದರೆ ಇನ್ನೂ ಸೂಕ್ಷ್ಮ. ಸುಗ್ಗಿಯಲ್ಲಿ ಹೋದರೆ ಎತ್ತ ನೋಡಿದರೂ ಕೆಂಪು ರಾಶಿ. ತೆಗೆದ ಫೋಟೋ ನೋಡಿದರೆ ಮೆಣಸಿನಕಾಯಿಯ ಸುಕ್ಕೇ ಇಲ್ಲ, ಕೆಂಪು ಬಣ್ಣ ಬಳಿದ ಹಾಗೆ. ಕ್ಯಾಮೆರಾ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ಅಳೆಯುತ್ತದೆ. ಒಟ್ಟು ಬೆಳಕು ಸರಿ ಇದ್ದರೂ ಕೆಂಪೊಂದು ತುಂಬಿ ಹೊರಚೆಲ್ಲಿರುತ್ತದೆ. ಸುಕ್ಕು ಇದ್ದದ್ದು ಆ ಕೆಂಪಿನ ಏರಿಳಿತದಲ್ಲೇ. ಬೆಳಕಿನ ಹಂಚಿಕೆ ಗೆರೆಯಲ್ಲಿ ತೋರಿಸುವ ಹಿಸ್ಟೋಗ್ರಾಮ್‌ನಲ್ಲಿ ಮೂರೂ ಬಣ್ಣ ಬೇರೆಯಾಗಿ ತೋರಿಸುವ ಆಯ್ಕೆ ಇರುತ್ತದೆ, ಹಾಕಿಕೊಳ್ಳಿ. ಕೆಂಪು ಗೆರೆ ಬಲಗಡೆಯ ಗೋಡೆಗೆ ಅಂಟಿದ್ದರೆ ಮೈನಸ್ ಮಾಡಿ. ಜೆಪೆಗ್ ಜೊತೆ ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ರಾ ಫೈಲ್ ಕೂಡ ಇಟ್ಟರೆ ಆಮೇಲೆ ಮನೆಯಲ್ಲಿ ತಿದ್ದೋಕೆ ಜಾಗ ಇರುತ್ತದೆ. ಬಿಳಿ ಬಿಳಿಯಾಗಿ ಕಾಣುವ ಹಾಗೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಬೇಡಿ, ಅಷ್ಟೊಂದು ಕೆಂಪು ಕಂಡು ಗಾಬರಿಯಾಗಿ ಬಣ್ಣ ಬದಲಿಸುತ್ತದೆ. ಬಿಸಿಲಿನಲ್ಲಿದ್ದರೆ ಸೂರ್ಯನ ಗುರುತಿಗೆ ಇಡಿ. ಅಲ್ಲಿಯ ಘಾಟಿಗೆ ಸೀನು ಬಂದೇ ಬರುತ್ತದೆ, ಅದಕ್ಕೆ ಮಾತ್ರ ಯಾವ ಸ್ಟೆಬಿಲೈಸೇಶನ್ನೂ ಇಲ್ಲ.

ಹಳೆಯದು ಕೊಳ್ಳುವಾಗ

ಬಹುತೇಕ ಕಂಪನಿಗಳು ಈಗ ಕನ್ನಡಿ ಇಲ್ಲದ ಮಿರರ್‌ಲೆಸ್ ಕಡೆ ಹೊರಳಿವೆ. ಹಾಗಾಗಿ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತವೆ. ಕಡಿಮೆ ದುಡ್ಡಿನಲ್ಲಿ ಕಲಿಯುವವರಿಗೆ ಇದು ಒಳ್ಳೆಯ ಕಾಲ. ಆದರೆ ಹೊಂದಾಣಿಕೆ ನೋಡಿ ತಗೊಳ್ಳಿ. ನಿಕಾನ್ ಡಿ3500, ಡಿ5600 ಥರದ ಬಾಡಿಗಳ ಒಳಗೆ ಫೋಕಸ್ ಮೋಟರ್ ಇರುವುದಿಲ್ಲ. 50 ಎಂಎಂ ಎಫ್/1.8ಡಿ ಅನ್ನೋ ಹಳೆಯ ಲೆನ್ಸ್ ಅವಕ್ಕೆ ಕೂರುತ್ತದೆ, ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸಬೇಕು. ಅದೇ ಎಫ್/1.8ಜಿ ತಗೊಂಡರೆ ಮೋಟರ್ ಲೆನ್ಸಿನಲ್ಲೇ ಇರುತ್ತದೆ. ಕೊನೆಯ ಒಂದು ಅಕ್ಷರ ಓದದೆ ದುಡ್ಡು ಕೊಡಬೇಡಿ. ಕ್ಯಾನನ್‌ನ ಇಎಫ್ ಲೆನ್ಸ್‌ಗಳಲ್ಲಿ 1987ರಿಂದಲೂ ಮೋಟರ್ ಒಳಗೇ ಇದೆ, ಅಡಾಪ್ಟರ್ ಹಾಕಿದರೆ ಹೊಸ ಆರ್‌ಎಫ್ ಕ್ಯಾಮೆರಾಗಳಲ್ಲೂ ಕೆಲಸ ಮಾಡುತ್ತವೆ.

ನೋಡೋಕೆ ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್ ಜೇಬಿನಲ್ಲಿರಲಿ. ಲೆನ್ಸನ್ನು ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಒಳಗೆ ಜೇಡರ ಬಲೆಯ ಹಾಗೆ ಎಳೆ ಕಂಡರೆ ಅದು ಫಂಗಸ್. ಎಷ್ಟೇ ಅಗ್ಗವಾದರೂ ಬೇಡ. ಕ್ಯಾಮೆರಾವನ್ನು ಎಫ್/16ಕ್ಕೆ ಇಟ್ಟು ಖಾಲಿ ಆಕಾಶದ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳು. ಧೂಳು ತೆಗೆಸಬಹುದು, ಗೀರು ಬಿದ್ದಿದ್ದರೆ ಆಗಲ್ಲ. ಎಷ್ಟು ಸಾವಿರ ಸಲ ಶಟರ್ ಬಿದ್ದಿದೆ ಅಂತಲೂ ಕೇಳಿ.

ಫಂಗಸ್ ಬಗ್ಗೆ ನಾನು ಇಷ್ಟು ಹೇಳುತ್ತಿರುವುದಕ್ಕೆ ಕಾರಣ ಇದೆ. ಮೊದಲು ಧಾರವಾಡದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಮಳೆಗಾಲದಲ್ಲಿ ಎಲ್ಲಿ ಫೋಟೋ ಅಂತ, ಲೆನ್ಸನ್ನು ಚರ್ಮದ ಚೀಲಕ್ಕೆ ಹಾಕಿ ಕಪಾಟಿನ ಒಳಗೆ ಬಟ್ಟೆಗಳ ಹಿಂದೆ ಇಟ್ಟೆ. ಗಣೇಶನ ಹಬ್ಬಕ್ಕೆ ತೆಗೆದರೆ ಚೀಲದ ಮೇಲೆ ಬೂಷ್ಟು, ಲೆನ್ಸಿನ ಒಳಗೂ ಬೂಷ್ಟು. ಕತ್ತಲು, ತೇವ, ಚರ್ಮ, ಮೂರೂ ನಾನೇ ಒದಗಿಸಿದ್ದೆ. ಈಗ ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ, ಒಳಗೊಂದು ಪುಟ್ಟ ತೇವಾಂಶ ಮಾಪಕ. 40ರಿಂದ 50 ಪರ್ಸೆಂಟ್ ಇದ್ದರೆ ನಿಶ್ಚಿಂತೆ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಕುಡಿದು ಸಾಕಾಗಿದೆ ಅಂತ ಅರ್ಥ. ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ, ನೀಲಿ ಬಣ್ಣದ ರಾಸಾಯನಿಕ ವಿಷ. ಅಕ್ಕಿ ಡಬ್ಬಿಯಲ್ಲಿ ಇಡುವ ಉಪಾಯವನ್ನೂ ಬಿಟ್ಟುಬಿಡಿ. ಅಕ್ಕಿಯ ಧೂಳು ಲೆನ್ಸಿನ ಸಂದಿಗೆ ಹೋಗುತ್ತದೆ.

ಬೇಸಿಗೆಯಲ್ಲಿ ಧೂಳಿನ ಕಾಟ. ಹೊಲದಲ್ಲಿ ಲೆನ್ಸ್ ಬದಲಿಸುವಾಗ ಗಾಳಿಗೆ ಬೆನ್ನು ಕೊಟ್ಟು, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಬದಲಿಸಿ. ಧೂಳು ಬಿದ್ದರೆ ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಿಂದ ಊದಿದರೆ ಉಗುಳು ಹಾರುತ್ತದೆ, ಅಂಗಿ ಚುಂಗಿನಿಂದ ಒರೆಸಿದರೆ ಮಣ್ಣಿನ ಕಣವೇ ಗೀರು ಹಾಕುತ್ತದೆ. ಇನ್ನೊಂದು ಬ್ಯಾಟರಿ, ಇನ್ನೊಂದು ಕಾರ್ಡ್ ಜೊತೆಗಿರಲಿ. ದುಬಾರಿ ಬ್ಯಾಗ್ ಯಾಕೆ ಬೇಕು ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಅಕ್ಕನ ಮಗ ಕೊನೆಗೆ ಆ ಮೂರರಲ್ಲಿ ಒಂದನ್ನೂ ಕೊಳ್ಳಲಿಲ್ಲ. ಕಿಟ್ ಲೆನ್ಸ್ ಸಮೇತ ಒಂದು ಸೆಕೆಂಡ್‌ಹ್ಯಾಂಡ್ ಬಾಡಿ, ಜೊತೆಗೆ 50 ಎಂಎಂ ಎಫ್/1.8 ತಗೊಂಡ. ಮೊದಲ ಭಾನುವಾರವೇ ಅವ್ವನ ಫೋಟೋ ತೆಗೆದ. ಬೆಳಕಿಂಡಿಯ ಬೆಳಕು ಮುಖದ ಒಂದು ಕಡೆ, ಕೈಯಲ್ಲಿ ಅರ್ಧ ಬಡಿದ ರೊಟ್ಟಿ, ಹಿಂದೆಲ್ಲ ಮಂಜು. ಚೆನ್ನಾಗಿತ್ತು. ಪ್ರಿಂಟ್ ಹಾಕಿಸಿ ಅವ್ವನ ಕೈಗೆ ಕೊಟ್ಟ. ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಮುಂಜಾನೆ ಹಿತ್ತಾಳಿ ಕೊಡ ಎಲ್ಲಾ ತಿಕ್ಕಿ ಇಟ್ಟಿದ್ನೆಲೋ, ಒಂದೂ ಕಾಣವಲ್ದಲ್ಲ?"

ಮುಂದಿನ ವಾರ ಎಫ್/5.6, ಐಎಸ್‌ಒ 3200 ಇಟ್ಟು ಮತ್ತೆ ತೆಗೆದ. ಸ್ವಲ್ಪ ಕಾಳು ಬಂದಿವೆ. ಕೊಡ ಐದೂ ಕಾಣುತ್ತವೆ.